ನಿರಾಶ್ರಿತ ಸೈನಿಕನ ಪಾಠ: ಎರಡು ಸಲ ಮಾಡಿದ ಒಂದು ಪ್ರಾತ್ಯಕ್ಷಿಕೆ

ಪ್ರಾಯೋಗಿಕ ಬೋಧನೆಗೆ ಪ್ರಶಿಕ್ಷಣಾರ್ಥಿಗಳನ್ನು ಶಾಲೆಗಳಿಗೆ ಕಳಿಸುವ ಮೊದಲು ನಾವು ಉಪನ್ಯಾಸಕರು ಒಂದೊಂದು ಪ್ರಾತ್ಯಕ್ಷಿಕೆ ಪಾಠ ಮಾಡಿ ತೋರಿಸುವುದು ವಾಡಿಕೆ. ಈ ಸಲ ಸಮಾಜ ವಿಜ್ಞಾನದ ಸರದಿ ನನ್ನದಾಗಿತ್ತು. ಸೈದಾಪುರದ ಒಂದು ಪ್ರೌಢಶಾಲೆ, ಹತ್ತನೆಯ ತರಗತಿ, ನಲವತ್ತೆರಡು ಮಕ್ಕಳು. ಹಿಂದಿನ ಬೆಂಚುಗಳಲ್ಲಿ ವೀಕ್ಷಣಾ ಪತ್ರ ಹಿಡಿದು ಕುಳಿತ ಹನ್ನೊಂದು ಪ್ರಶಿಕ್ಷಣಾರ್ಥಿಗಳು. ಪಾಠ ಮುಗಿದಾಗ ಮಕ್ಕಳು ಖುಷಿಯಾಗಿದ್ದರು, ಮುಖ್ಯ ಗುರುಗಳೂ ಮೆಚ್ಚಿದರು. ಆದರೂ ಅದು ಕೆಟ್ಟ ಪಾಠವಾಗಿತ್ತು. ಎಲ್ಲಿ ಕೆಟ್ಟಿತು, ಮರುವಾರ ಅದೇ ತರಗತಿಯಲ್ಲಿ ಹೇಗೆ ತಿದ್ದಿಕೊಂಡೆ ಎಂಬುದನ್ನು ಬರೆಯುತ್ತಿದ್ದೇನೆ. ಚೆನ್ನಾಗಿ ಆದ ಪಾಠಗಳ ವರದಿಗಳು ಈ ಪತ್ರಿಕೆಯಲ್ಲಿ ಸಾಕಷ್ಟು ಬರುತ್ತಿರುತ್ತವೆ.

ವಸ್ತುವಿನ ಆಯ್ಕೆ

ಸ್ವಾತಂತ್ರ್ಯೋತ್ತರ ಭಾರತದ ಪಾಠದಲ್ಲಿ ನಿರಾಶ್ರಿತರ ವಿಷಯ ಬರುತ್ತದೆ. ನಾವು ಅದನ್ನು ಯಾವಾಗಲೂ ‘ನಿರಾಶ್ರಿತರ ಸಮಸ್ಯೆ’ ಎಂದೇ ಹಲಗೆಯ ಮೇಲೆ ಬರೆಯುತ್ತೇವೆ. ಎಷ್ಟು ಜನ ಬಂದರು, ಸರ್ಕಾರ ಏನು ಕೊಟ್ಟಿತು, ಮುಗಿಯಿತು. ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಕೈಚಾಚಿ ನಿಂತ ಜನರ ಚಿತ್ರ. ನಿರಾಶ್ರಿತನೂ ಏನನ್ನೋ ಮಾಡಿದವನು, ಯುದ್ಧದಲ್ಲಿ ನಿಂತವನು, ಆಮೇಲೆ ತನ್ನ ಜನರಿಗೊಂದು ಊರು ಕಟ್ಟಿಕೊಟ್ಟವನು ಎಂಬುದನ್ನು ಒಂದು ತಾಸಿನಲ್ಲಿ ತೋರಿಸಬೇಕೆಂದು ನಾನು ಹೊರಟೆ. ಕರ್ನಾಟಕದಲ್ಲಿ ಇದಕ್ಕೆ ಟಿಬೆಟನ್ನರಿಗಿಂತ ಹತ್ತಿರದ ಉದಾಹರಣೆ ಇಲ್ಲ. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆ ಅವರ ವಸಾಹತುಗಳಿವೆ. ಆ ಮನೆಗಳಿಂದ ಹೋಗಿ ಭಾರತದ ಪರವಾಗಿ ಹೋರಾಡಿ ಬಂದವರೂ ಇದ್ದಾರೆ.

ಪೀಠಿಕೆ ಸುಲಭವಾಗಿ ಸಿಕ್ಕಿತು. ‘ಚಳಿಗಾಲದಾಗ ಪಟ್ಟಣಕ್ಕ ಹೋದಾಗ ರಸ್ತೆ ಬದಿಗೆ ಸಾಲಾಗಿ ಅಂಗಡಿ ಹಾಕ್ಕೊಂಡು ಏನು ಮಾರ್ತಾರ?’ ಎಂದೆ.

‘ಸ್ವೆಟರ್ ರೀ ಸರ್!’ ಎಂದು ಅರ್ಧ ತರಗತಿ ಕೂಗಿತು. ‘ನಾ ರಾಯಚೂರಾಗ ನೋಡೀನ್ರಿ. ನೇಪಾಳದವ್ರು ಮಾರ್ತಾರ್ರಿ.’

ನೇಪಾಳದವರಲ್ಲ ಎಂದು ಹೇಳಿ ಭೂಪಟದಲ್ಲಿ ಲ್ಹಾಸಾ ತೋರಿಸಿದೆ, ಬೈಲಕುಪ್ಪೆ ತೋರಿಸಿದೆ. ಅಲ್ಲಿಂದ ಕಥೆಗೆ ಇಳಿದೆ.

ಮೊದಲ ಪಾಠ

ನನ್ನ ಕಥೆಯಲ್ಲಿ ಒಬ್ಬ ಅಜ್ಜ ಇದ್ದ. ಅವನಿಗೊಂದು ಹೆಸರು ಕೊಟ್ಟಿದ್ದೆ. ಪೂರ್ವ ಟಿಬೆಟಿನ ಖಾಮ್ ಪ್ರಾಂತ್ಯದಲ್ಲಿ ಹುಟ್ಟಿದವನು, ಕುದುರೆ ಸವಾರ. 1958ರಲ್ಲಿ ಪ್ರತಿರೋಧದ ಪಡೆ ಸೇರಿದ. ಮರುವರ್ಷ ಹಿಮದಲ್ಲಿ ನಡೆದು ಭಾರತಕ್ಕೆ ಬಂದ. ಅಸ್ಸಾಮಿನ ಮಿಸಾಮಾರಿ ಶಿಬಿರದ ಸೆಕೆಯಲ್ಲಿ ತಾಯಿಯನ್ನು ಕಳೆದುಕೊಂಡ. 1962ರಲ್ಲಿ ಭಾರತದ ಗುಪ್ತ ಪಡೆ ಸೇರಿದ, 1971ರಲ್ಲಿ ಚಿತ್ತಗಾಂಗಿನ ಬೆಟ್ಟಗಳಲ್ಲಿ ಕಾಲಿಗೆ ಗುಂಡು ತಿಂದ. ಕುಂಟುತ್ತ ಬೈಲಕುಪ್ಪೆಗೆ ಬಂದು ಮೆಕ್ಕೆಜೋಳ ಬೆಳೆದ. ಕೊನೆಗೆ ತನ್ನ ಕ್ಯಾಂಪಿನ ಮುಖಂಡನಾದ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ತಾಯಿ ಸತ್ತ ಜಾಗದಲ್ಲಿ ಒಬ್ಬ ಹುಡುಗಿ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ. ಸುಳ್ಳೇಕೆ ಹೇಳಲಿ, ನನಗೆ ಹೆಮ್ಮೆಯಾಯಿತು.

ಗಂಟೆ ಹೊಡೆಯಲು ಎರಡು ನಿಮಿಷ ಇರುವಾಗ ಮೂರನೆಯ ಬೆಂಚಿನ ಹುಡುಗ ಕೈಯೆತ್ತಿದ. ‘ಸರ್, ಆ ಅಜ್ಜಾರು ಇನ್ನಾ ಅದಾರೇನ್ರಿ?’

‘ಈಗ ಇಲ್ಲಪ್ಪ.’

‘ಅವರ ಫೋಟೋ ಇದ್ರ ತೋರಿಸ್ರಿ ಸರ್. ಮೊಬೈಲಿನಾಗ ಹೆಸರು ಹಾಕಿದ್ರ ಬರ್ತದಲ್ರಿ?’

ಮುಂದಿನ ತರಗತಿಯಲ್ಲಿ ನೋಡೋಣ ಎಂದು ಹೇಳಿ ಸೀಮೆಸುಣ್ಣ ಕೆಳಗಿಟ್ಟೆ.

ಆ ಅಜ್ಜ ಇರಲೇ ಇಲ್ಲ. ನಾನು ಹೇಳಿದ ಒಂದೊಂದು ಘಟನೆಯೂ ಯಾರದೋ ಬಾಳಿನಲ್ಲಿ ನಡೆದಂಥದ್ದೇ. ಆದರೆ ಅವೆಲ್ಲವನ್ನೂ ಪೋಣಿಸಿ ನಿಲ್ಲಿಸಿದ ಮನುಷ್ಯ ಹಿಂದಿನ ರಾತ್ರಿ ನನ್ನ ಪಾಠಯೋಜನೆಯಲ್ಲಿ ಹುಟ್ಟಿದವನು.

ಮಧ್ಯಾಹ್ನ ವೀಕ್ಷಣಾ ಪತ್ರಗಳು ಕೈಗೆ ಬಂದವು. ಹತ್ತರಲ್ಲಿ ‘ಕಥನ ವಿಧಾನದ ಪರಿಣಾಮಕಾರಿ ಬಳಕೆ’, ‘ಪ್ರಚೋದನಾ ಬದಲಾವಣೆ ಉತ್ತಮ’ ಮುಂತಾದ ಮಾತುಗಳು. ಹನ್ನೊಂದನೆಯದರಲ್ಲಿ ಷರಾ ಕಾಲಂನಲ್ಲಿ ಮೂರೇ ಪದ: ‘ವ್ಯಕ್ತಿ ನಿಜವೋ, ಕಲ್ಪಿತವೋ?’ ಬರೆದವರು ಹೆಚ್ಚು ಮಾತಾಡದ ಒಬ್ಬ ಪ್ರಶಿಕ್ಷಣಾರ್ಥಿ. ವಿಮರ್ಶೆಗೆ ಕುಳಿತಾಗ ನಾನೇ ಅದನ್ನು ಓದಿ ಒಪ್ಪಿಕೊಂಡೆ. ಚರ್ಚೆ ಕಾವೇರಿತು. ಕಥೆ ಹೇಳದೆ ಇತಿಹಾಸ ಹೇಳುವುದು ಹೇಗೆ, ಮಕ್ಕಳಿಗೆ ಅರ್ಥವಾದರೆ ಸಾಕಲ್ಲವೇ ಎಂದು ಕೆಲವರು ನನ್ನ ಪರ ನಿಂತರು. ಆಕೆ ಕೇಳಿದ್ದು ಒಂದೇ ಮಾತು: ‘ನಾಳಿ ನನ್ನ ಪಾಠದಾಗ ನಾನೂ ಇಂಥ ಒಬ್ಬ ಸ್ವಾತಂತ್ರ್ಯ ಹೋರಾಟಗಾರನ್ನ ಹುಟ್ಟಿಸಿದ್ರ ನೀವು ಅಂಕ ಕೊಡ್ತೀರೇನ್ರಿ ಸರ್?’

ಕೊಡುವುದಿಲ್ಲ. ವಿಜ್ಞಾನದವರು ಇಲ್ಲದ ಪ್ರಯೋಗದ ಫಲಿತಾಂಶ ಬರೆದರೆ ನಾವು ಸುಮ್ಮನಿರುತ್ತೇವೆಯೇ? ಕನ್ನಡ ಪಾಠದಲ್ಲಿ ಕಲ್ಪಿತ ಪಾತ್ರ ಇರಬಹುದು, ಮಗುವಿಗೂ ಅದು ಕಥೆ ಎಂದು ಗೊತ್ತಿರುತ್ತದೆ. ಇತಿಹಾಸದ ಪಾಠದಲ್ಲಿ ಮಗು ನನ್ನನ್ನು ನಂಬಿ ಅತ್ತಿತ್ತು.

ಹುಡುಕಿದಾಗ ಸಿಕ್ಕದ್ದು

ಹಾಗಾದರೆ ನಿಜವಾದ ಹೆಸರುಗಳನ್ನೇ ಏಕೆ ಬಳಸಲಿಲ್ಲ? ಅವು ಸುಲಭವಾಗಿ ಸಿಗುವುದಿಲ್ಲ ಎಂಬುದೇ ನಿಜ. ಸಿಗದಿರುವ ಕಾರಣವೇ ಈ ಪಾಠದ ತಿರುಳು ಎಂದು ನನಗೆ ಹೊಳೆದದ್ದು ಆ ವಾರ ಮತ್ತೆ ಓದಲು ಕುಳಿತಾಗ. ಈ ವಿಷಯ ಬೋಧಿಸುವವರಿಗೆ ಉಪಯೋಗವಾದೀತೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

1950ರ ಅಕ್ಟೋಬರಿನಲ್ಲಿ ಚೀನಾದ ಸೇನೆ ಪೂರ್ವ ಟಿಬೆಟನ್ನು ಹೊಕ್ಕಿತು. ಖಾಮ್ ಪ್ರಾಂತ್ಯದಲ್ಲಿ ದಂಗೆಗಳೆದ್ದವು. 1958ರ ಜೂನ್ 16ರಂದು ‘ಚುಶಿ ಗಂಗ್‌ದ್ರುಕ್’ ಎಂಬ ಪ್ರತಿರೋಧದ ಪಡೆ ಅಧಿಕೃತವಾಗಿ ಸ್ಥಾಪನೆಯಾಯಿತು. ನಾಲ್ಕು ನದಿ, ಆರು ಬೆಟ್ಟಸಾಲು ಎಂದು ಆ ಹೆಸರಿನ ಅರ್ಥ. ಅದು ಖಾಮ್ ನಾಡಿನ ಹಳೆಯ ಹೆಸರು. ಅದರ ನಾಯಕ ಗೊಂಪೊ ತಾಶಿ ಆಂಡ್ರುಗ್‌ತ್ಸಾಂಗ್ ವೃತ್ತಿಯಿಂದ ಸೈನಿಕನಲ್ಲ, ಲಿಥಾಂಗಿನ ಒಬ್ಬ ವ್ಯಾಪಾರಿ. 1959ರ ಮಾರ್ಚಿನಲ್ಲಿ ಲ್ಹಾಸಾದ ಜನ ಎದ್ದರು. ಮಾರ್ಚ್ 17ರ ರಾತ್ರಿ ಅರಮನೆ ಬಿಟ್ಟ ದಲಾಯಿ ಲಾಮಾ 31ರಂದು ಭಾರತದ ಗಡಿ ದಾಟಿದರು. ಆ ದಾರಿಯ ಬೆಂಗಾವಲಿನಲ್ಲಿ ಈ ಪಡೆಯವರಿದ್ದರು. ಅವರ ಬೆನ್ನಿಗೆ ಸುಮಾರು 80,000 ಜನ ದೇಶ ಬಿಟ್ಟು ಬಂದರು. ಮಿಸಾಮಾರಿ ಮತ್ತು ಬಂಗಾಳದ ಬಕ್ಸಾದಲ್ಲಿ ಶಿಬಿರಗಳಾದವು. ಬಹಳಷ್ಟು ಜನ ಹಿಮಾಲಯದ ರಸ್ತೆ ಕೆಲಸಕ್ಕೆ ಹೋದರು.

ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ನೆನೆಯುತ್ತಾರೆ. 1960ರಲ್ಲಿ ಬಂದವರ ಮುಂದೆ ಇದ್ದದ್ದು ಕಾಡು. ಡೇರೆಗಳಲ್ಲಿದ್ದು ಮರ ಕಡಿದು, ಬೇರು ಸುಟ್ಟು, ಆನೆಗಳನ್ನು ಓಡಿಸಿ ಹೊಲ ಮಾಡಿದರು. ಚಳಿನಾಡಿನ ಜನಕ್ಕೆ ಸೆಕೆ, ಕಾಯಿಲೆ. 1966ರಲ್ಲಿ ಮುಂಡಗೋಡ ವಸಾಹತು ಆಯಿತು, ಮುಂದೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಈ ಪುನರ್ವಸತಿ ಕೆಲಸಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ನಮ್ಮ ಮಕ್ಕಳ ತಾಯಂದಿರು ಇಂದು ವಾರಕ್ಕೊಮ್ಮೆ ಕೂಡುವ ಸ್ವಸಹಾಯ ಗುಂಪುಗಳ ಕಲ್ಪನೆಯನ್ನು ಮೊದಮೊದಲು ಬೆಳೆಸಿದವರಲ್ಲಿ ಇದೇ ಮೈರಾಡ ಒಂದು ಎಂದಾಗ ಮಕ್ಕಳಿಗಿಂತ ಪ್ರಶಿಕ್ಷಣಾರ್ಥಿಗಳಿಗೇ ಹೆಚ್ಚು ಆಶ್ಚರ್ಯವಾಯಿತು.

ಇನ್ನು ಸೈನ್ಯದ ಮಾತು. 1962ರ ನವೆಂಬರ್ 14ರಂದು, ಚೀನಾದೊಂದಿಗಿನ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಟಿಬೆಟನ್ ಯುವಕರ ಗುಪ್ತ ಪಡೆಯೊಂದನ್ನು ಭಾರತ ಕಟ್ಟಲು ತೀರ್ಮಾನಿಸಿತು. ನೆಲೆ ಡೆಹ್ರಾಡೂನಿನ ಮೇಲಿನ ಚಕ್ರಾತಾ. ಕಟ್ಟಿದ ಅಧಿಕಾರಿ ಸುಜನ್ ಸಿಂಗ್ ಉಬಾನ್. ಅವರು ಹಿಂದೆ 22ನೇ ಮೌಂಟನ್ ರೆಜಿಮೆಂಟಿನಲ್ಲಿದ್ದವರಾದ್ದರಿಂದ ಪಡೆಗೆ ‘ಎಸ್ಟಾಬ್ಲಿಷ್‌ಮೆಂಟ್ 22’ ಎಂಬ ಹೆಸರು ಬಿತ್ತು, ಬಾಯಿಮಾತಿನಲ್ಲಿ ‘ಟೂ ಟೂ’. ಈಗಿನ ಅಧಿಕೃತ ಹೆಸರು ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. ಸೇರಿದವರು ಎಂದಾದರೊಂದು ದಿನ ತಮ್ಮ ನಾಡಿಗೆ ಮರಳಿ ಹೋರಾಡುತ್ತೇವೆ ಎಂದು ಸೇರಿದರು. ಆದರೆ ಅವರ ದೊಡ್ಡ ಯುದ್ಧ ಬಂದದ್ದು ಬೇರೆ ದಿಕ್ಕಿನಿಂದ. 1971ರ ನವೆಂಬರಿನಲ್ಲಿ, ಭಾರತ-ಪಾಕಿಸ್ತಾನ ಯುದ್ಧ ಅಧಿಕೃತವಾಗಿ ಶುರುವಾಗುವ ಮೊದಲೇ, ಅವರನ್ನು ಮಿಜೋ ಬೆಟ್ಟಗಳ ದೇಮಾಗಿರಿಯಿಂದ ಚಿತ್ತಗಾಂಗ್ ಬೆಟ್ಟಪ್ರದೇಶಕ್ಕೆ ಇಳಿಸಲಾಯಿತು. ಕೈಯಲ್ಲಿದ್ದ ಬಂದೂಕುಗಳೂ ಭಾರತದ ಗುರುತಿಲ್ಲದವು. ಮೂವರು ಟಿಬೆಟನ್ ದಳಪತಿಗಳಲ್ಲಿ ಒಬ್ಬರಾದ ಧೊಂಡುಪ್ ಗ್ಯಾತೊತ್ಸಾಂಗ್ ಆರಂಭದಲ್ಲೇ ಗುಂಡಿಗೆ ಬಲಿಯಾದರು. ಒಟ್ಟು 56 ಜನ ಸತ್ತರು, ಸುಮಾರು 190 ಜನ ಗಾಯಗೊಂಡರು. ಬಾಂಗ್ಲಾದೇಶ ಹುಟ್ಟಿತು. ಗುಪ್ತ ಪಡೆಯಾದ್ದರಿಂದ ಶೌರ್ಯಪದಕಗಳ ಬದಲು ಸುಮಾರು 580 ಜನರಿಗೆ ನಗದು ಬಹುಮಾನ ಕೊಟ್ಟರು.

ಮೂರನೆಯ ಬೆಂಚಿನ ಹುಡುಗನ ಮೊಬೈಲಿನಲ್ಲಿ ಏಕೆ ಹೆಸರು ಬರುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಗುಟ್ಟಿನ ಯುದ್ಧದಲ್ಲಿ ಮೊದಲು ಅಳಿಸಿಹೋಗುವುದು ಸೈನಿಕನ ಹೆಸರು. ನಾನು ಕಥೆ ಕಟ್ಟಿ ಆ ಖಾಲಿ ಜಾಗವನ್ನು ತುಂಬಿಬಿಟ್ಟಿದ್ದೆ. ಜಾಗ ಖಾಲಿ ಇದೆ ಎಂದು ತೋರಿಸುವುದೇ ಪಾಠವಾಗಬೇಕಿತ್ತು.

ಕೆಲವು ಹೆಸರುಗಳಂತೂ ದಾಖಲೆಯಲ್ಲಿವೆ. ಮೂವರು ದಳಪತಿಗಳಲ್ಲಿ ಇನ್ನೊಬ್ಬರು ಲಿಥಾಂಗಿನ ರತುಕ್ ನವಾಂಗ್, ಚುಶಿ ಗಂಗ್‌ದ್ರುಕ್‌ನಲ್ಲಿ ಹೋರಾಡಿ ಬಂದವರು. ನಿವೃತ್ತಿಯ ನಂತರ ದೆಹಲಿಯ ಮಜ್ನು ಕಾ ಟೀಲಾ ಟಿಬೆಟನ್ ಕಾಲೊನಿಯಲ್ಲಿ ನೆಲೆಸಿ ತಮ್ಮ ನೆನಪುಗಳನ್ನು ಹೇಳಿ ಹೋದರು. ಇನ್ನೊಬ್ಬರು ಲ್ಹಾಮೊ ತ್ಸೆರಿಂಗ್. ನೇಪಾಳದ ಮುಸ್ತಾಂಗಿನಲ್ಲಿದ್ದ ಪಡೆಗೂ ಅದಕ್ಕೆ ನೆರವು ಕೊಟ್ಟ ಅಮೆರಿಕದ ಸಿಐಎಗೂ ನಡುವಿನ ಕೊಂಡಿ ಅವರು. ಅಮೆರಿಕ ಚೀನಾದೊಂದಿಗೆ ಕೈಕುಲುಕಿದ ಮೇಲೆ ಆ ಪಡೆ ಯಾರಿಗೂ ಬೇಡವಾಯಿತು. 1974ರಲ್ಲಿ ಆಯುಧ ಕೆಳಗಿಡಿ ಎಂಬ ದಲಾಯಿ ಲಾಮಾರ ಧ್ವನಿಮುದ್ರಿತ ಸಂದೇಶ ಶಿಬಿರಗಳಿಗೆ ಬಂತು. ಲ್ಹಾಮೊ ತ್ಸೆರಿಂಗ್ ನೇಪಾಳದ ಸೆರೆಮನೆಯಲ್ಲಿ ವರ್ಷಗಟ್ಟಲೆ ಇದ್ದು 1981ರಲ್ಲಿ ಹೊರಬಂದರು. ಆಮೇಲೆ ಧರ್ಮಶಾಲೆಯ ಟಿಬೆಟನ್ ಆಡಳಿತದಲ್ಲಿ ದುಡಿದರು, ಪ್ರತಿರೋಧದ ಇತಿಹಾಸವನ್ನು ತಮ್ಮ ಭಾಷೆಯಲ್ಲಿ ಬರೆದರು. ನನ್ನ ಕಲ್ಪಿತ ಅಜ್ಜನಿಗಿಂತ ಇವರ ಬಾಳು ಹೆಚ್ಚು ಒರಟು, ಹೆಚ್ಚು ದೊಡ್ಡದು.

ಎರಡನೆಯ ಪಾಠ

ಮರುವಾರ ತರಗತಿಗೆ ಹೋದವನು ಮೊದಲು ಹೇಳಿದ್ದು ಇಷ್ಟು: ‘ಹೋದ ವಾರ ಹೇಳಿದ ಅಜ್ಜನ್ನ ನಾನೇ ಹುಟ್ಟಿಸಿದ್ದೆ. ಹಂಗ ಮಾಡಬಾರದಿತ್ತು. ತಪ್ಪಾಯ್ತು.’ ತರಗತಿ ಸ್ತಬ್ಧವಾಯಿತು. ಅತ್ತಿದ್ದ ಹುಡುಗಿ ನನ್ನ ಮುಖ ನೋಡಲಿಲ್ಲ. ಆ ತಾಸು ಪೂರ್ತಿ ಆಕೆ ಒಂದು ಪ್ರಶ್ನೆಗೂ ಕೈಯೆತ್ತಲಿಲ್ಲ. ಪ್ರಶಿಕ್ಷಣಾರ್ಥಿಗಳ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಇದು ಕಷ್ಟವಾಗಿತ್ತು.

ಹಲಗೆಯನ್ನು ಮೂರು ಪಾಲು ಮಾಡಿದೆ. ‘ಏನು ನಡೆಯಿತು’, ‘ಯಾರು ಹೇಳಿದರು’, ‘ಇನ್ನೂ ಕೇಳಬೇಕಾದದ್ದು’. ಮೇಲಿನ ಸಂಗತಿಗಳನ್ನು ಚೀಟಿಗಳಲ್ಲಿ ಬರೆದು ಐದು ಗುಂಪುಗಳಿಗೆ ಕೊಟ್ಟೆ. ಅವರೇ ಬಂದು ಬರೆಯಬೇಕು. 56 ಎಂಬ ಸಂಖ್ಯೆ ಮೊದಲ ಪಾಲಿಗೆ ಹೋಯಿತು. ಅದನ್ನು ಬರೆದ ಹುಡುಗನೇ ಮೂರನೆಯ ಪಾಲಿಗೂ ಹೋಗಿ ‘56 ಹೆಸರು’ ಎಂದು ಬರೆದ. ನಾನು ಹೇಳಿಕೊಟ್ಟಿರಲಿಲ್ಲ.

‘ಮುಖಂಡ’ ಎಂಬ ಪದದ ಮೇಲೆ ಸ್ವಲ್ಪ ಹೊತ್ತು ನಿಂತೆವು. ನಮ್ಮ ಮಕ್ಕಳಿಗೆ ಮುಖಂಡ ಎಂದರೆ ಫ್ಲೆಕ್ಸ್ ಮೇಲಿನ ಮುಖ. ಬೈಲಕುಪ್ಪೆಯ ಹಳ್ಳಿಗಳಿಗೆ ಇಂದಿಗೂ ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್ ಎಂದೇ ಕರೆಯುವುದು. ಒಂದೊಂದಕ್ಕೂ ಅಲ್ಲಿನ ಜನ ಆರಿಸಿದ ಒಬ್ಬ ಮುಖಂಡ. ಅವನ ಕೆಲಸ ಏನಿದ್ದೀತು ಎಂದು ಊಹಿಸಲು ಹೇಳಿದೆ. ‘ಭಾಷಣ’ ಎಂದರು. ಸಹಕಾರ ಸಂಘದ ಟ್ರ್ಯಾಕ್ಟರ್ ಮೊದಲು ಯಾರ ಹೊಲಕ್ಕೆ ಹೋಗಬೇಕು, ಬೀಜ ಗೊಬ್ಬರ ಯಾರಿಗೆಷ್ಟು, ನೋಂದಣಿ ಪತ್ರದ ಅವಧಿ ಯಾರದು ಮುಗಿಯುತ್ತಿದೆ, ಪಕ್ಕದ ಹಳ್ಳಿಯವರ ಜತೆ ದನ ಮೇಯಿಸುವ ಜಗಳ ಹೇಗೆ ಬಗೆಹರಿಸುವುದು, ಕಚೇರಿಯಲ್ಲಿ ಕನ್ನಡದಲ್ಲಿ ಮಾತಾಡುವವರು ಯಾರು ಎಂದೆಲ್ಲ ಬಿಡಿಸಿದಾಗ ಒಬ್ಬ ಹುಡುಗಿ ಹೇಳಿದಳು: ‘ನಮ್ಮವ್ವ ಸಂಘದಾಗ ಇದೇ ಕೆಲಸ ಮಾಡ್ತಾಳ್ರಿ.’ ಬಂದೂಕು ಹಿಡಿದವನು ಆಮೇಲೆ ಹಿಡಿಯಬೇಕಾದದ್ದು ಹಾಜರಿ ಪುಸ್ತಕ ಎಂಬುದು ಆಕೆಯ ಮಾತಿನಿಂದ ಎಲ್ಲರಿಗೂ ತಿಳಿಯಿತು.

ಆಗ ಬಂತು, ಯಾವ ಪಾಠಯೋಜನೆಯಲ್ಲೂ ಇರದ ಪ್ರಶ್ನೆ. ಕಿಟಕಿ ಪಕ್ಕದ ಹುಡುಗ, ಹಾಜರಿ ಕಡಿಮೆ ಎಂದು ಮುಖ್ಯ ಗುರುಗಳು ನನಗೆ ಮೊದಲೇ ತೋರಿಸಿದ್ದವನು, ಕುಳಿತಲ್ಲಿಂದಲೇ ಕೇಳಿದ: ‘ಸರ್, ನಮ್ಮಪ್ಪ ನಮ್ಮವ್ವ ಬೆಂಗಳೂರಿಗಿ ದುಡಿಲಾಕ ಹೋಗ್ಯಾರ್ರಿ. ಬಿಲ್ಡಿಂಗ್ ಕಟ್ಟೋ ಬಲ್ಲಿ ತಗಡಿನ ಶೆಡ್ಡಿನಾಗ ಇರ್ತಾರ್ರಿ. ಅವರೂ ನಿರಾಶ್ರಿತರೇನ್ರಿ?’

ಯಾದಗಿರಿ ಜಿಲ್ಲೆಯಲ್ಲಿ ಪಾಠ ಮಾಡುವವನು ಈ ಪ್ರಶ್ನೆಗೆ ಸಿದ್ಧನಾಗಿ ಹೋಗಬೇಕಿತ್ತು. ಗುಳೆ ಹೋಗದ ಮನೆಗಳು ಆ ತರಗತಿಯಲ್ಲಿ ಎಷ್ಟಿದ್ದಾವು? ವ್ಯಾಖ್ಯೆ ಹೇಳಿದೆ. ಜೀವಭಯದಿಂದ ದೇಶ ಬಿಟ್ಟು, ಮರಳಿ ಹೋಗಲಾರದವರು ನಿರಾಶ್ರಿತರು. ನಿಮ್ಮಪ್ಪ ಅವ್ವ ಜಾತ್ರೆಗೆ ಬರಬಹುದು, ಓಟು ಹಾಕಲು ಬರಬಹುದು, ಪಡಿತರ ಚೀಟಿ ಇಲ್ಲೇ ಇದೆ. ಹುಡುಗ ತಲೆಯಾಡಿಸಿದ. ಮತ್ತೆ ಹೇಳಿದ: ‘ಊರಾಗ ಕೆಲಸ ಇದ್ದಿದ್ರ ಹೋಗ್ತಿದ್ದಿಲ್ರಿ.’ ಅದಕ್ಕೆ ನನ್ನ ವ್ಯಾಖ್ಯೆಯಲ್ಲಿ ಉತ್ತರವಿರಲಿಲ್ಲ. ಅವನ ಮಾತನ್ನು ಅವನ ಕೈಯಿಂದಲೇ ಮೂರನೆಯ ಪಾಲಿನಲ್ಲಿ ಬರೆಸಿದೆ. ಅಲ್ಲೇ ಬಿಟ್ಟೆ.

ಇನ್ನೊಬ್ಬ ತನ್ನ ಮುತ್ತಜ್ಜಿ ‘ರಜಾಕಾರರ ಗದ್ದಲದಾಗ’ ಊರು ಬಿಟ್ಟಿದ್ದಳೆಂದ. ಇದಕ್ಕೆ ನಾನು ಸಿದ್ಧನಾಗಿದ್ದೆ. 1947-48ರಲ್ಲಿ ಹೈದರಾಬಾದ್ ಸಂಸ್ಥಾನದ ನಮ್ಮ ಭಾಗದಿಂದ ಜನ ಗಡಿಯಾಚೆಗೆ ಹೋದರು. ಮುಂಡರಗಿ, ಗಜೇಂದ್ರಗಡದಂಥ ಕಡೆ ಶಿಬಿರಗಳಿದ್ದವು. ಅಲ್ಲಿಂದ ಹೋರಾಡಿದವರೂ ಇದ್ದರು. 1948ರ ಸೆಪ್ಟೆಂಬರ್ 17ರ ನಂತರ ಅವರು ಮರಳಿದರು, ಹೋರಾಟಗಾರರಿಗೆ ಮುಂದೆ ಮಾನ್ಯತೆಯೂ ಪಿಂಚಣಿಯೂ ಬಂತು. ಅದೇ ಸೆಪ್ಟೆಂಬರ್ ನಂತರ ಹಲವು ಮುಸ್ಲಿಂ ಕುಟುಂಬಗಳು ಪ್ರಾಣ ಕಳೆದುಕೊಂಡವು, ಊರು ತೊರೆದವು. ಸುಂದರಲಾಲ್ ಸಮಿತಿ ಅದನ್ನು ವರದಿ ಮಾಡಿತು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಎರಡೂ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಹೆಚ್ಚು ಹೊತ್ತು ಅಲ್ಲಿ ನಿಲ್ಲಲಿಲ್ಲ, ಅದು ಬೇರೆಯೇ ಪಾಠ.

ಪದಕದ ಪ್ರಶ್ನೆ ಕೊನೆಗೆ ಬಂತು. ‘ನಮ್ಮ ದೇಶಕ್ಕ ಸತ್ತವ್ರಿಗಿ ನಮ್ಮ ದೇಶದ ಕಾರ್ಡ್ ಯಾಕಿಲ್ರಿ?’ ಇಲ್ಲಿ ಎರಡು ಮಾತು ಹೇಳಬೇಕಾಯಿತು. ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಬಂದವರು ಕಾನೂನಿನ ಕಣ್ಣಿನಲ್ಲಿ ವಿದೇಶಿಯರು, ನೋಂದಣಿ ಪತ್ರದ ಮೇಲೆ ಇರುವವರು. ವಸಾಹತಿನ ಜಮೀನು ಗುತ್ತಿಗೆಯದು. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ನಾಗರಿಕರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದವು. ಹಾಗಿದ್ದೂ ಎಷ್ಟೋ ಜನ ಪೌರತ್ವ ಕೇಳುವುದಿಲ್ಲ. ಕೇಳಿದರೆ ಮರಳಿ ಹೋಗುವ ಆಸೆ ಬಿಟ್ಟಂತಾಗುತ್ತದೆ ಎಂಬ ಅಳುಕು. 2020ರಲ್ಲಿ ಲಡಾಖಿನಲ್ಲಿ ನೆಲಬಾಂಬಿಗೆ ಬಲಿಯಾದ ಇದೇ ಪಡೆಯ ನ್ಯೀಮಾ ತೆಂಜಿನ್ ಅವರ ಅಂತ್ಯಕ್ರಿಯೆ ಲೇಹ್‌ನಲ್ಲಿ ಬಹಿರಂಗವಾಗಿ ನಡೆಯಿತು. ಶವಪೆಟ್ಟಿಗೆಗೆ ಭಾರತದ ಧ್ವಜ, ಟಿಬೆಟಿನ ಧ್ವಜ ಎರಡನ್ನೂ ಹೊದಿಸಿದ್ದರು. ಆ ಫೋಟೋವನ್ನು ಮೂರನೆಯ ಬೆಂಚಿಗೆ ಮೊದಲು ಕೊಟ್ಟೆ. ಈ ಸಲ ಹೆಸರು ಹಾಕಿದರೆ ಬರುತ್ತದೆ.

ಟಿಬೆಟನ್ನರದು ಒಂಟಿ ಕಥೆಯಲ್ಲ ಎಂದು ತೋರಿಸಲು ಹ್ಮಾಂಗ್ ಜನರ ಒಂದು ಚೀಟಿ ಇಟ್ಟಿದ್ದೆ. ಲಾವೋಸಿನ ಬೆಟ್ಟಗಳ ಈ ಜನರನ್ನು 1961ರಿಂದ ಸಿಐಎ ಒಂದು ಗುಪ್ತ ಸೈನ್ಯವಾಗಿ ಕಟ್ಟಿತು. ದಂಡನಾಯಕ ವಾಂಗ್ ಪಾವ್. ದೊಡ್ಡವರು ಸತ್ತು ತೀರಿದಂತೆ ಹದಿಮೂರು ಹದಿನಾಲ್ಕರ ಹುಡುಗರ ಕೈಗೆ ಬಂದೂಕು ಬಂತು. ಇದನ್ನು ಓದಿದ ಗುಂಪಿನ ನಾಯಕನಿಗೆ ಹದಿನೈದು ವರ್ಷ. ಓದಿ ಒಂದು ಕ್ಷಣ ನಿಂತ. 1975ರ ಮೇ ತಿಂಗಳಲ್ಲಿ ವಾಂಗ್ ಪಾವ್ ಅವರನ್ನು ವಿಮಾನದಲ್ಲಿ ಹೊರಕ್ಕೆ ಸಾಗಿಸಿದರು. ಸಾವಿರಾರು ಜನ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳಿಗೆ ಬಂದರು. ಅಮೆರಿಕ ಸೇರಿದ ಮೇಲೆ ಆತ ತನ್ನ ಜನರಿಗೆ ಮನೆ, ಕೆಲಸ, ಭಾಷೆ ಕಲಿಸುವ ‘ಲಾವೋ ಫ್ಯಾಮಿಲಿ’ ಎಂಬ ಸಂಘ ಕಟ್ಟಿದರು. ಸೈನಿಕ ಮುಖಂಡನಾದ ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. 2007ರಲ್ಲಿ ಲಾವೋಸ್ ಸರ್ಕಾರ ಉರುಳಿಸುವ ಸಂಚಿನ ಆರೋಪದಲ್ಲಿ ಬಂಧನವಾಯಿತು, 2009ರಲ್ಲಿ ಆರೋಪ ಕೈಬಿಟ್ಟರು. 2011ರಲ್ಲಿ ತೀರಿಕೊಂಡಾಗ ಆರ್ಲಿಂಗ್‌ಟನ್ ಸೈನಿಕ ಸ್ಮಶಾನದಲ್ಲಿ ಜಾಗ ಕೇಳಿದರೆ ಕೊಡಲಿಲ್ಲ. ಅರ್ಹ ಹ್ಮಾಂಗ್ ಸೈನಿಕರಿಗೆ ಅಮೆರಿಕದ ರಾಷ್ಟ್ರೀಯ ಸೈನಿಕ ಸ್ಮಶಾನಗಳಲ್ಲಿ ಮಣ್ಣಾಗಲು ಅವಕಾಶ ಕೊಡುವ ಕಾಯ್ದೆ ಬಂದದ್ದು 2018ರಲ್ಲಿ. ಟೋಕಿಯೋ ಒಲಿಂಪಿಕ್ಸಿನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದ ಸುನೀಸಾ ಲೀ ಇದೇ ಜನರ ಮನೆಯ ಹುಡುಗಿ ಎಂದಾಗ ಹಿಂದಿನ ಬೆಂಚುಗಳೂ ಎಚ್ಚೆತ್ತವು.

ಕೊರತೆಗಳು

ಎರಡನೆಯ ಪಾಠ ಮೊದಲಿನಷ್ಟು ಸೊಗಸಾಗಿರಲಿಲ್ಲ. ಚೀಟಿ ಓದುವಾಗ ಗದ್ದಲವಾಯಿತು, ಸಮಯ ಮೀರಿತು, ಮೌಲ್ಯಮಾಪನದ ಐದು ಪ್ರಶ್ನೆಗಳಲ್ಲಿ ಎರಡನ್ನೇ ಕೇಳಿದೆ. ಹ್ಮಾಂಗ್ ಚೀಟಿ ಒಂದು ತಾಸಿಗೆ ಹೊರೆಯಾಯಿತು. ಮಾಡುವವರು ಅದನ್ನು ಮರುದಿನಕ್ಕೆ ಇಟ್ಟುಕೊಳ್ಳುವುದು ಮೇಲು. ಯಾರೂ ಅಳಲಿಲ್ಲ. ಆದರೆ ಮೊದಲ ಪಾಠದಲ್ಲಿ ಮಕ್ಕಳು ಕೇಳಿದ್ದು ಎರಡು ಪ್ರಶ್ನೆ, ಎರಡನೆಯದರಲ್ಲಿ ಪ್ರಶಿಕ್ಷಣಾರ್ಥಿಗಳು ಎಣಿಸಿದ್ದು ಹತ್ತೊಂಬತ್ತು. ಕಥನ ವಿಧಾನವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಪಾತ್ರ ಕಲ್ಪಿತವಾದರೆ ಕಥೆ ಶುರುವಾಗುವ ಮುಂಚೆ ಮಗುವಿಗೆ ತಿಳಿಸಿಬಿಡಬೇಕು, ಅಷ್ಟೆ. ಆ ಷರಾ ಬರೆದ ಪ್ರಶಿಕ್ಷಣಾರ್ಥಿ ತನ್ನ ಪಾಠಯೋಜನೆಯಲ್ಲಿ ‘ಆಧಾರ’ ಎಂಬ ಒಂದು ಕಾಲಂ ತಾನಾಗಿಯೇ ಸೇರಿಸಿಕೊಂಡಿದ್ದಾರೆ. ನಮ್ಮ ನಮೂನೆಯಲ್ಲಿ ಅದು ಇಲ್ಲ.

ಮನೆಗೆಲಸವಾಗಿ ಕೊಟ್ಟದ್ದು ಒಂದೇ. ಬರುವ ಚಳಿಗಾಲದಲ್ಲಿ ಸ್ವೆಟರ್ ಅಂಗಡಿಗೆ ಹೋದರೆ ಅಲ್ಲಿರುವವರನ್ನು ಕೇಳಲು ಐದು ಪ್ರಶ್ನೆ ಬರೆದು ತರಬೇಕು. ಅವರಿಗೆ ನೋವಾಗುವಂಥದ್ದು ಇರಬಾರದು. ನಲವತ್ತೆರಡರಲ್ಲಿ ಮೂವತ್ತೆಂಟು ಪಟ್ಟಿಗಳು ಬಂದವು. ಮೊದಲ ವಾರ ಕಣ್ಣೊರೆಸಿಕೊಂಡು ಎರಡನೆಯ ವಾರ ನನ್ನ ಮುಖ ನೋಡದ ಹುಡುಗಿಯ ಹಾಳೆಯೂ ಅದರಲ್ಲಿತ್ತು. ಆಕೆಯ ಮೊದಲ ಪ್ರಶ್ನೆ: ‘ನಿಮ್ಮ ಖರೇ ಹೆಸರು ಏನ್ರಿ?’